ಹಿಲ್ಸ್‌ಬರೋ ಮನೆಯ ಕೆಳಗಿನ ಪಂಪು

ನನ್ನ ಅಕ್ಕವ್ವಾ,

ನೀನು ಹೋದ ಮೇಲೂ ನಿನ್ನ ಜೊತೆ ಮಾತಾಡುವುದನ್ನು ನಾನು ಬಿಟ್ಟಿಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ನಿನ್ನ ಕೋಣೆಯ ಕಿಟಕಿ ತೆರೆಯುವಾಗ ಏನಾದರೊಂದು ಅನ್ನುತ್ತಲೇ ಇರುತ್ತೇನೆ. ಒಂದು ಸಂಗತಿ ಮಾತ್ರ ಬಾಯಿಬಿಟ್ಟು ಹೇಳಲು ಆಗಿಲ್ಲ. ಕರುಣಾ ಎಲ್ಲಿ ಕೇಳಿಸಿಕೊಂಡಾಳೋ ಎಂಬ ಅಂಜಿಕೆ. ಇವತ್ತು ಅವಳು ಯೂನಿವರ್ಸಿಟಿಗೆ ಹೋಗಿದ್ದಾಳೆ. ಅಡುಗೆಮನೆಯ ಮೇಜಿನ ಮೇಲೆ ಬಿಸಿಲು ಬಿದ್ದಿದೆ. ನನ್ನ ವೀಸಾ ಮುಗಿಯುತ್ತ ಬಂತು, ಬರುವ ವಾರ ಗದಗಿಗೆ ಹೊರಡುತ್ತೇನೆ. ಹೇಳದೇ ಹೋದರೆ ಅಲ್ಲಿ ನನಗೆ ನಿದ್ದೆ ಬಂದೀತೇ?

ನಿನ್ನ ಆರೈಕೆಗೆಂದು ಗದಗಿನಿಂದ ಬಂದಿಳಿದಾಗ ಏರ್‌ಪೋರ್ಟಿನಲ್ಲಿ ನಾನು ನಿನ್ನನ್ನು ದಾಟಿಕೊಂಡೇ ಹೋಗಿದ್ದೆ, ನೆನಪಿದೆಯಾ? ಟ್ರಾಲಿ ತಳ್ಳಿಕೊಂಡು ಜನರ ಮುಖ ಹುಡುಕುತ್ತ ನಡೆದಿದ್ದೆ. ಹಿಂದಿನಿಂದ, "ಲೀಲೀ, ಎಲ್ಲಿಗ್ ಹೊಂಟಿ? ನಾ ಇಲ್ಲೇ ಅದೀನಿ" ಎಂಬ ದನಿ ಬಂತು. ದನಿ ನಿನ್ನದೇ. ತಿರುಗಿದರೆ ಗಾಲಿಕುರ್ಚಿಯಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡ ಒಬ್ಬ ಮುದುಕಿ ಕೂತಿದ್ದಳು. ನನಗಿಂತ ನಾಲ್ಕೇ ವರ್ಷ ದೊಡ್ಡವಳು ನೀನು. ರೋಗ ಎದೆಯಿಂದ ಎಲುಬಿಗೆ, ಎಲುಬಿನಿಂದ ಪುಪ್ಪುಸಕ್ಕೆ ಹೋಗಿದೆ ಎಂದು ನೀನು ಫೋನಿನಲ್ಲಿ ಹೇಳಿದ್ದೆ. ಆದರೆ ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ. ಕುರ್ಚಿಯ ಹಿಂದೆ ನಿಂತಿದ್ದ ಎತ್ತರದ ಹುಡುಗಿ, "ಹಾಯ್ ಚಿಗವ್ವ" ಅಂದಳು. ನಿನ್ನ ಮಗಳು ಕರುಣಾಳ ಬಾಯಲ್ಲಿ ಉಳಿದಿದ್ದ ಕನ್ನಡ ಅದೊಂದೇ ಶಬ್ದ. ನಾವು ಆಡಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನದು. ಇಲ್ಲಿ ಅವಳ ಮಾತನ್ನು ನನಗೆ ತಿಳಿದಂತೆ ಕನ್ನಡದಲ್ಲೇ ಬರೆಯುತ್ತೇನೆ.

ಬಂದ ದಿನವೇ ನೀನು ನನಗೆ ಮನೆ ತೋರಿಸಿದೆ. ಗೋಡೆ ಹಿಡಿದುಕೊಂಡು, ಕೋಣೆಯಿಂದ ಕೋಣೆಗೆ. ಬೇರೆಯವರು ಸೋಫಾ ತೋರಿಸುತ್ತಾರೆ, ಕಿಟಕಿಯಾಚೆಯ ಸಮುದ್ರ ತೋರಿಸುತ್ತಾರೆ. ನೀನು ತೋರಿಸಿದ್ದು ಗೋಡೆಗೆ ಆತುಕೊಂಡಿದ್ದ ಬಿಳಿ ಕಬ್ಬಿಣದ ರೇಡಿಯೇಟರುಗಳನ್ನು. "ಕೈ ಇಟ್ಟು ನೋಡು. ಈ ಊರಾಗ ಎಲ್ಲಾರ ಮನ್ಯಾಗೂ ಇವು ಇರಂಗಿಲ್ಲ. ಇಂಗ್ಲೆಂಡಿನಿಂದ ಬಂದ ಮುದುಕ ಒಬ್ಬ ಕಟ್ಟಿಸಿದ ಮನಿ ಇದು. ಕೆಳಗ ಬಾಯ್ಲರ್ ನೀರು ಕಾಸ್ತೈತಿ, ಪಂಪು ಆ ನೀರು ಮನಿತುಂಬ ತಿರುಗಸ್ತೈತಿ." ಆಮೇಲೆ ನೀವು ಮೊದಲಿದ್ದ ಮೌಂಟ್ ರಾಸ್ಕಿಲ್‌ನ ಬಾಡಿಗೆ ಮನೆಯ ಕಥೆ ಹೇಳಿದೆ. ಗೋಡೆಯ ತುಂಬ ಕಪ್ಪು ಬೂಷ್ಟು, ಹಸಿ ಹಾಸಿಗೆ, ಸಣ್ಣ ಕರುಣಾಳ ಎದೆಯಲ್ಲಿ ಸೀಟಿ ಊದಿದಂಥ ಸಪ್ಪಳ. ಗಂಡ ಬಿಟ್ಟುಹೋದ ಮೇಲೆ ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ನರ್ಸಾಗಿ ರಾತ್ರಿ ಪಾಳಿ ಮಾಡಿ ಈ ಮನೆ ಕೊಂಡವಳು ನೀನು. ಮಗಳ ಎದೆ ಬೆಚ್ಚಗಿರಲಿ ಎಂದು ಕೊಂಡ ಮನೆಯಲ್ಲಿ ಕಡೆಗೆ ಬೆಚ್ಚಗಿನ ಜಾಗ ಬೇಕಾದದ್ದು ನಿನಗೆ.

ಎಲ್ಲಿ ಸಾಯಬೇಕು ಎಂಬ ಮಾತು ಬಂದದ್ದೂ ಇದೇ ಮೇಜಿನಲ್ಲಿ. ವಾರಕ್ಕೆರಡು ಸಲ ನಿನ್ನನ್ನು ನೋಡಲು ಬರುತ್ತಿದ್ದ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪೈಸಿನ ನರ್ಸ್ ಜೂಲಿ ಮೆಲ್ಲಗೆ ಕೇಳಿದಳು. ನೀನು ಯೋಚಿಸಲೂ ಇಲ್ಲ. ಅವಳಿಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿದೆ. "ಎಷ್ಟೋ ಮಂದೀನ್ನ ಆಸ್ಪತ್ರಿ ಹಾಸಿಗ್ಯಾಗ ನಾನ ಕಣ್ಣು ಮುಚ್ಚಿ ಕಳಿಸೀನಿ. ನನಗ ಅದು ಬ್ಯಾಡ. ನನ್ನ ಕ್ವಾಣ್ಯಾಗ, ನನ್ನ ಹಾಸಿಗ್ಯಾಗ." ಕರುಣಾ ಎದ್ದು ನಿಂತಳು. "ಮಮ್, ನಿನಗೆ ಉಸಿರು ಸಿಗದೇ ಹೋದರೆ ನಾನೇನು ಮಾಡಲಿ? ಅಲ್ಲಿ ನರ್ಸ್‌ಗಳಿರುತ್ತಾರೆ. ನಾನು ನರ್ಸ್ ಅಲ್ಲ." ಆ ಹೊತ್ತಿನಿಂದ ನಿಮ್ಮಿಬ್ಬರ ನಡುವೆ ಒಂದು ತಣ್ಣನೆಯ ಗೋಡೆ ಎದ್ದಿತು. ಅವಳು ನಿನ್ನನ್ನು ದೂಡುತ್ತಿದ್ದಾಳೆ ಎಂದು ನಿನಗೆ. ನೀನು ತನ್ನ ಅಂಜಿಕೆಯನ್ನು ನೋಡುತ್ತಿಲ್ಲ ಎಂದು ಅವಳಿಗೆ. ನಡುವೆ ನಾನು, ಹೊಸ ದೇಶ, ಹರಕು ಇಂಗ್ಲಿಷು...

ಚಳಿಗಾಲ ಹಿಡಿದಿತ್ತು. ಸೋಮವಾರ ಕ್ವೀನ್ಸ್ ಬರ್ತ್‌ಡೇ ರಜೆ, ಅದರ ಹಿಂದಿನ ಶುಕ್ರವಾರ ಸಂಜೆ ನಿನ್ನ ಕೋಣೆಯ ರೇಡಿಯೇಟರು ಮುಟ್ಟಿದೆ. ಕಲ್ಲಿನ ಹಾಗೆ ತಣ್ಣಗಿತ್ತು. ಕೆಳಗೆ ಬಾಯ್ಲರ್ ಹೊತ್ತಿಕೊಳ್ಳುವುದು, ಆರುವುದು, ಮತ್ತೆ ಹೊತ್ತಿಕೊಳ್ಳುವುದು ಕೇಳುತ್ತಿತ್ತು. ಮನೆಗೆ ಮಾತ್ರ ಬಿಸಿ ಬರಲಿಲ್ಲ. ಕರುಣಾ ಫೋನ್ ಹಚ್ಚಿ ಹಚ್ಚಿ ಸೋತಳು. ಎತ್ತಿಕೊಂಡ ಒಬ್ಬನೇ ಒಬ್ಬ ಹೇಳಿದ್ದು, ಪಂಪು ನಿಂತಿರಬೇಕು, ಹಳೆಯದು, ಹೊಸದನ್ನು ತರಿಸಬೇಕಾದೀತು, ಮಂಗಳವಾರದ ತನಕ ಯಾರೂ ಬರಲಾರರು. ಎರಡು ಕರೆಂಟ್ ಹೀಟರ್ ತಂದಿಟ್ಟೆವು. ಹಳೆಯ ಮನೆಯ ವೈರಿಂಗ್ ತಡೆಯಲಿಲ್ಲ, ಫ್ಯೂಸ್ ಹೋಯಿತು. ನಿನ್ನ ಆಕ್ಸಿಜನ್ ಯಂತ್ರ ಒಮ್ಮೆಲೆ ಕಿರುಚಿಕೊಂಡು ನಿಂತಿತು. ಕತ್ತಲಲ್ಲಿ ನಿನ್ನ ಉಸಿರಿನ ಸಪ್ಪಳ ಒಂದೇ. ನಾನು ಫ್ಯೂಸ್ ಹಾಕುವ ತನಕ ಕರುಣಾ ಗೋಡೆಗೆ ಒರಗಿ ನಿನ್ನ ಒಂದೊಂದೇ ಉಸಿರು ಎಣಿಸುತ್ತಿದ್ದಳು. ಆಮೇಲೆ ಹೀಟರ್ ಹಚ್ಚುವ ಧೈರ್ಯ ಯಾರಿಗೂ ಬರಲಿಲ್ಲ. ಇದ್ದಬದ್ದ ರಜಾಯಿಯೆಲ್ಲ ನಿನ್ನ ಮೇಲೆ ಹೊದಿಸಿದೆವು. ಅದರ ಭಾರಕ್ಕೇ ನಿನ್ನ ಎಲುಬು ನೋಯುತ್ತಿತ್ತು.

ಮರುದಿನ ಬೆಳಿಗ್ಗೆ ಜೂಲಿ ಬಂದು ನಿನ್ನ ಪಾದ ಮುಟ್ಟಿ ನೋಡಿದಳು. ಈ ಕೋಣೆಯಲ್ಲಿ ಇವಳನ್ನು ಹೀಗೆ ಇಡುವುದು ಸರಿಯಲ್ಲ, ಹಾಸ್ಪೈಸ್‌ನಲ್ಲಿ ಒಂದು ಹಾಸಿಗೆ ಖಾಲಿ ಇದೆ, ಸಂಜೆ ಬರುತ್ತೇನೆ, ಅಷ್ಟರಲ್ಲಿ ಮನೆ ಬೆಚ್ಚಗಾಗದಿದ್ದರೆ ಆಂಬುಲೆನ್ಸ್ ಕರೆಸೋಣ ಎಂದಳು. "ಯೆಸ್, ಪ್ಲೀಸ್" ಎಂದಳು ಕರುಣಾ, ಮಾತು ಮುಗಿಯುವ ಮೊದಲೇ. ನೀನು ಗೋಡೆಯ ಕಡೆ ಹೊರಳಿದೆ.

ಜೂಲಿ ಹೋದ ಮೇಲೆ ನೀನು ನನ್ನ ಸೆರಗು ಜಗ್ಗಿದೆ. "ಲೀಲೀ, ನೀ ಅಂಗಡ್ಯಾಗ ಹೊಲಿಗಿ ಮಷಿನ್ ಪೂರಾ ಬಿಚ್ಚಿ ಹಾಕಾಕಿ ಹೌದಿಲ್ಲೊ? ಈ ಪಂಪೂ ಅಷ್ಟ. ಒಳಗ ಒಂದು ಚಕ್ರ ಐತಿ, ಸಿಕ್ಕೊಂಡು ತಿರುಗವಲ್ದು. ವರ್ಷಾ ವರ್ಷಾ ರಿಪೇರಿಯಾವ ಬಂದಾಗ ನಾನ ಬ್ಯಾಟರಿ ಹಿಡೀತಿದ್ದೆ, ನೋಡೀನಿ. ಹೋಗು."

"ನನಗ ಏನೂ ಗೊತ್ತಿಲ್ಲಕ್ಕಾ."

"ನಾ ಹೇಳ್ತೀನಿ. ಹೋಗು."

ಇಳಿಜಾರಿಗೆ ಕಟ್ಟಿದ ಈ ಮನೆಯ ಹೊಟ್ಟೆಯೊಳಗೆ ನಾನು ಮೊದಲ ಸಲ ಹೊಕ್ಕಿದ್ದು ಆವಾಗ. ಪಕ್ಕದ ಸಣ್ಣ ಬಾಗಿಲು ತೆರೆದು, ಬಗ್ಗಿಕೊಂಡು, ಹಸಿಮಣ್ಣಿನ ವಾಸನೆಯೊಳಗೆ. ಹಳೇ ಬಣ್ಣದ ಡಬ್ಬಿಗಳು, ಮುರಿದ ಏಣಿ, ಮೂಲೆಯಲ್ಲಿ ಬಾಯ್ಲರು. ಅದರ ಪಕ್ಕ, ಎರಡು ಪೈಪುಗಳ ನಡುವೆ, ಸುಲಿದ ತೆಂಗಿನಕಾಯಿಯಷ್ಟು ದೊಡ್ಡದಾದ ಪಂಪು. ಮುಟ್ಟಿದರೆ ಸುಡುತ್ತಿತ್ತು. ಒಳಗೆ ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಸರಿಯಾಗಿ ನಿನ್ನ ಹಾಸಿಗೆಯ ಕೆಳಗೆ ನಿಂತಿದ್ದೆ ನಾನು. ಪೈಪು ಮೇಲೆ ಹೋಗುವ ತೂತಿನಿಂದ ನಿನ್ನ ದನಿ ಇಳಿದು ಬರುತ್ತಿತ್ತು.

"ಪಂಪಿನ ಕರೆಂಟ್ ಬಂದ್ ಮಾಡಿದ್ಯಾ?"

"ಮಾಡೀನಿ."

"ಬಾಯ್ಲರಿಂದು?"

"ಅದೂ ಮಾಡೀನಿ."

"ನಡುವ ದೊಡ್ಡ ಸ್ಕ್ರೂ ಐತಲ್ಲ, ಅದನ್ನ ತಗಿ. ನೀರು ಜಿನಗತೈತಿ, ಅಂಜಬ್ಯಾಡ. ಒಳಗ ಅಚ್ಚಿನ ತುದಿ ಕಾಣಸ್ತೈತಿ. ಸ್ಕ್ರೂ ಡ್ರೈವರ್ ಹಾಕಿ ತಿರುವು."

ಪ್ರತಿ ಮಾತಿನ ನಡುವೆ ನೀನು ಕೆಮ್ಮುತ್ತಿದ್ದೆ. ಕೆಮ್ಮು ನಿಲ್ಲುವ ತನಕ ನಾನು ಸ್ಕ್ರೂ ಡ್ರೈವರ್ ಹಿಡಿದು ಕಾಯುತ್ತಿದ್ದೆ. ಅಚ್ಚು ಒಂದು ಕೂದಲೆಳೆಯಷ್ಟು ಅಲುಗಿತು, ಮತ್ತೆ ಸಿಕ್ಕಿಕೊಂಡಿತು. ಎಣ್ಣೆ ಕಾಣದ ಮಷಿನ್ ಹೀಗೇ ಮಾಡುತ್ತದೆ. ಆದರೆ ಇದು ಎಣ್ಣೆಯ ಮಾತಲ್ಲ, ಒಳಗೆ ಕೊಳೆ ಕಟ್ಟಿದೆ, ಬಿಚ್ಚದೆ ಆಗದು ಎಂದು ಕೈಗೆ ತಿಳಿಯಿತು. ಕೂಗಿ ಹೇಳಿದೆ. "ಹಂಗಾರ ಎರಡೂ ಕಡೆ ವಾಲ್ವು ಬಂದ್ ಮಾಡು. ನೀರು ಆರಲಿ, ತಡಿ. ಲಗೂ ಮಾಡಬ್ಯಾಡ" ಅಂದೆ ನೀನು. ನಾನು ತಡೆಯಲಿಲ್ಲ. ಸಂಜೆಗೆ ಆಂಬುಲೆನ್ಸ್ ಬರುತ್ತದೆ ಎಂಬುದೊಂದೇ ತಲೆಯಲ್ಲಿ. ಮೇಲಿನ ವಾಲ್ವು ಪೂರ್ತಿ ಮುಚ್ಚಿಕೊಂಡಿರಲಿಲ್ಲ, ನನಗೆ ಗೊತ್ತಾಗಲಿಲ್ಲ. ಪಂಪಿನ ಮುಖದ ಬೋಲ್ಟುಗಳನ್ನು ಸಡಿಲಿಸುತ್ತಿದ್ದಂತೆ ಸಂದಿಯಿಂದ ಕುದಿಯುವ ಕಪ್ಪು ನೀರು ಚಿಮ್ಮಿ ಬಲಗೈಯನ್ನು ಸುಟ್ಟಿತು. ಹೇಗೆ ಚೀರಿದೆನೋ.

ಆಮೇಲಿನದು ನೆನಪಿದೆಯಾ ಅಕ್ಕಾ? ಮೆಟ್ಟಿಲು ಹತ್ತಿ ಬಂದರೆ ನೀನು ಹಾಸಿಗೆಯ ಮೇಲೆ ಎದ್ದು ಕೂತಿದ್ದೆ. ಎಷ್ಟೋ ದಿನಗಳಿಂದ ತಾನಾಗಿ ಏಳಲಾಗದವಳು. "ಕೈ ತೋರಸು ಇಲ್ಲಿ" ಅಂದೆ, ಆಸ್ಪತ್ರೆಯ ದನಿಯಲ್ಲಿ. ಕರುಣಾಳಿಂದ ಬೋಗುಣಿಯಲ್ಲಿ ತಣ್ಣೀರು ತರಿಸಿದೆ. ನನ್ನ ಕೈಯನ್ನು ನೀರಲ್ಲಿ ಮುಳುಗಿಸಿ ಹಿಡಿದುಕೊಂಡೇ ಇದ್ದೆ, ನಾನು ಸಾಕೆಂದರೂ ಬಿಡಲಿಲ್ಲ. ನೀರು ಬದಲಿಸಿದೆ. ಅಡುಗೆಮನೆಯಲ್ಲಿ ಪಲ್ಯ ಮುಚ್ಚಿಡುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ತರಿಸಿ ಸುಟ್ಟ ಜಾಗದ ಮೇಲೆ ಒಂದೂ ಸುಕ್ಕಿಲ್ಲದಂತೆ ಹಾಸಿದೆ. ಚಮಚ ಹಿಡಿಯಲಾಗದ ಬೆರಳುಗಳು ಆಗ ನಡುಗಲಿಲ್ಲ. "ಉರೀತೈತೇನು?" ಅಂದೆ. ನಾನು ಅಳುತ್ತಿದ್ದದ್ದು ಉರಿಗೆ ಅಂದುಕೊಂಡೆ ನೀನು.

ಕೆಲಸ ಮುಗಿದ ಕೂಡಲೇ ನೀನು ದಿಂಬಿಗೆ ಒರಗಿದೆ. ತುಟಿ ನೀಲಿಯಾಗಿತ್ತು. "ಸಾಕು ಬಿಡು ಲೀಲೀ. ಹೋಗ್ತೀನಿ ಅಲ್ಲಿಗೆ." ಆಮೇಲೆ ಬೋಗುಣಿ ಹಿಡಿದು ನಿಂತಿದ್ದ ಮಗಳ ಕಡೆ ನೋಡಿ, "ನಿನ್ನ ಮನಸಿನಂಗ ಆತಲ್ಲವ್ವಾ" ಅಂದೆ. ಕರುಣಾ ಬೋಗುಣಿ ಕೆಳಗಿಟ್ಟು ಹೊರಗೆ ಹೋದಳು. "ಬ್ಯಾಗ್ ತುಂಬಾಕ ಹೋದ್ಲು ನೋಡು" ಅಂದೆ ನೀನು. ನಾನೂ ಹಾಗೇ ತಿಳಿದಿದ್ದೆ.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ.

ಸೋರುವ ನೀರಿಗೆ ಬಕೆಟ್ ಇಡೋಣವೆಂದು ಕೆಳಗೆ ಇಳಿದೆ. ಅಲ್ಲಿ ಕರುಣಾ ಇದ್ದಳು. ಮಣ್ಣಿನ ಮೇಲೆ ಮೊಣಕಾಲೂರಿ, ದೊಡ್ಡ ಪಾನಾ ಹಿಡಿದು, ಮೇಲಿನ ವಾಲ್ವಿನ ಮೇಲೆ ಮೈಭಾರ ಹಾಕಿ ಒತ್ತುತ್ತಿದ್ದಳು. ಕೀರ್ ಎಂದು ವಾಲ್ವು ತಿರುಗಿ ಕೂತಿತು. ಸೋರುವುದು ನಿಂತಿತು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಮೇಲಿನಿಂದ ನೀನು, "ಲೀಲೀ, ಬಾ ಅಂತೀನಿ, ಬಿಟ್ಟು ಬಾ" ಎನ್ನುತ್ತಿದ್ದೆ. ನಾನು ಎಡಗೈಯಲ್ಲಿ ಬ್ಯಾಟರಿ ಹಿಡಿದು, ಸನ್ನೆಯಲ್ಲಿ, ಪಿಸುಮಾತಲ್ಲಿ ತೋರಿಸಿದೆ. ಅವಳು ಬಿಚ್ಚಿದಳು. ಮೋಟರು ಹಿಂದಕ್ಕೆ ಜಾರಿ ಕೈಗೆ ಬಂತು. ಅದರ ತುದಿಯ ಸಣ್ಣ ರೆಕ್ಕೆಗಳ ಚಕ್ರದ ತುಂಬ ಕಾಡಿಗೆಯಂಥ ಕಪ್ಪು ಕೆಸರು, ಗಟ್ಟಿಯಾಗಿ. ಅವಳು ತನ್ನ ಹಲ್ಲುಜ್ಜುವ ಬ್ರಷ್ಷನ್ನೇ ತಂದು ಉಜ್ಜಿದಳು. ಉಗುರಿನಿಂದ ಕೆರೆದಳು. ರೆಕ್ಕೆಗಳು ಒಂದೊಂದೇ ಬಿಳುಪಾಗಿ ಕಂಡವು. ಬೆರಳಿನಿಂದ ತಿರುವಿದರೆ ಚಕ್ರ ಸಲೀಸಾಗಿ ತಿರುಗಿತು.

"ನಿನಗ ಇದು ಬ್ಯಾಡಾಗಿತ್ತಲ್ಲ?" ಎಂದು ಕಿವಿಯಲ್ಲಿ ಕೇಳಿದೆ.

"ಈಗಲೂ ಬೇಡ," ಎಂದಳು. ಅವಳ ಕಣ್ಣಿಂದ ನೀರು ಇಳಿದು ಮುಖದ ಮಸಿಯಲ್ಲಿ ಗೆರೆ ಎಳೆಯುತ್ತಿತ್ತು. "ಅವಳು ಇಲ್ಲಿ ಸಾಯುವುದು ನನಗೆ ಬೇಡ. ಎಲ್ಲಿಯೂ ಬೇಡ. ಆದರೆ ಅವಳು ಹಾಗೆ ಗೋಡೆ ನೋಡುತ್ತ ಮಲಗುವುದು... ಅವಳಿಗೆ ಹೇಳಬೇಡ, ಚಿಗವ್ವ. ಪ್ರಾಮಿಸ್ ಮಾಡು. ಗೊತ್ತಾದರೆ ಇಲ್ಲಿ ಸಾಯಲು ದಾರಿ ಮಾಡಿಕೊಟ್ಟದ್ದಕ್ಕೆ ಥ್ಯಾಂಕ್ಯೂ ಅನ್ನುತ್ತಾಳೆ. ನನ್ನಿಂದ ಅದನ್ನು ತಡೆಯಲಾಗದು."

ರಬ್ಬರ್ ರಿಂಗನ್ನು ಒರೆಸಿ ಕೂರಿಸಿ, ಎದುರುಬದುರಿನ ಬೋಲ್ಟುಗಳನ್ನು ಸಮನಾಗಿ ಬಿಗಿದು, ವಾಲ್ವು ತೆರೆದು, ಗಾಳಿ ಹೊರಗೆ ಬಿಟ್ಟು, ಅವಳೇ ಸ್ವಿಚ್ ಹಾಕಿದಳು. ಪಂಪು ಒಮ್ಮೆ ಗೊರಗೊರ ಅಂದು, ಆಮೇಲೆ ಮೆತ್ತಗೆ ತಿರುಗತೊಡಗಿತು. ಪೈಪಿನ ಮೇಲೆ ಕೈಯಿಟ್ಟುಕೊಂಡು ನಿಂತೆವು ಇಬ್ಬರೂ. ಬಿಸಿ ನಮ್ಮ ಕೈಯಡಿಯಲ್ಲೇ ಹಾದು ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ನಿನ್ನ ದನಿ. "ಬಿಸಿ ಆತು! ಲೀಲೀ, ಬಿಸಿ ಆತು! ಕೈ ಸುಟ್ಕೊಂಡ್ರೂ ಬಿಡಲಿಲ್ಲ ನೋಡು ನೀ. ನನ್ನ ತಂಗಿ ನೀ!" ಕರುಣಾ ತಲೆ ತಗ್ಗಿಸಿ ಕೇಳುತ್ತ ನಿಂತಿದ್ದಳು. ನಿನ್ನ ಹೊಗಳಿಕೆಯನ್ನು ನಾನು ಮೇಲೆ ಬಂದು ತೆಗೆದುಕೊಂಡೆ. ಅವಳು ಹಿಂದಿನ ಬಾಗಿಲಿನಿಂದ ಹೋಗಿ ಸ್ನಾನ ಮಾಡಿದಳು.

ಸಂಜೆ ಜೂಲಿ ಬಂದು, ಬೆಚ್ಚಗಿನ ಕೋಣೆಯಲ್ಲಿ ಕೋಟು ಬಿಚ್ಚಿ, ನಕ್ಕು, ವಾಪಸು ಹೋದದ್ದು ನಿನಗೆ ಗೊತ್ತು. ಆಮೇಲೆ ಒಂದು ಮಧ್ಯಾಹ್ನ ನೀನು ಆಡಿದ ಮಾತು ನೆನಪಿದೆಯಾ? "ಕರುಣಾಗ ನಾ ಭಾರ ಆಗೀನಿ. ಆ ಪಂಪು ರಿಪೇರಿ ಆಗಬಾರದು ಅಂತ ಆಕಿ ಬೇಡ್ಕೊಂಡಿರಬೇಕು, ಪಾಪ. ಆಕೀದು ತಪ್ಪಲ್ಲ." ನಾನು ಬಾಯಿ ತೆರೆದೆ. ನಿನ್ನ ಗುಳಿಗೆ ಹಿಡಿದು ಬಾಗಿಲಲ್ಲಿ ಕರುಣಾ ನಿಂತಿದ್ದಳು, ಎಲ್ಲ ಕೇಳಿಸಿಕೊಂಡು. ಬೇಡ ಎಂದು ತಲೆ ಅಲ್ಲಾಡಿಸಿದಳು. ಒಳಗೆ ಬಂದು ಗುಳಿಗೆ ಕೊಟ್ಟಳು, ನೀರು ಕುಡಿಸಿದಳು, ಬಾಯಿ ಒರೆಸಿದಳು. ನೀನು ಅವಳ ಕೈ ನೋಡಲಿಲ್ಲ. ನೋಡಿದ್ದರೆ ಉಗುರ ಸಂದಿಯಲ್ಲಿ ಇನ್ನೂ ಉಳಿದಿದ್ದ ಕಪ್ಪು ಕಾಣುತ್ತಿತ್ತು.

ನೀನು ಹೋದ ಬೆಳಿಗ್ಗೆ ಕಿಟಕಿಯ ಗಾಜಿನ ಮೇಲೆ ಹನಿ ಕಟ್ಟಿತ್ತು. ಕರುಣಾ ಹಾಲು ತರಲು ಮೂಲೆಯ ಡೈರಿ ಅಂಗಡಿಗೆ ಹೋಗಿದ್ದಳು. ರಾತ್ರಿಯಿಡೀ ನಿನ್ನ ಪಕ್ಕ ಕೂತಿದ್ದವಳು, ಅಷ್ಟಕ್ಕೇ ಎದ್ದು ಹೋಗಿದ್ದು. ನಾನು ಪ್ರಾರ್ಥನೆ ಹೇಳುತ್ತಿದ್ದೆ, ನಡುವೆ ನಿನ್ನ ಉಸಿರು ಒಂದು ಸಲ ನಿಂತು, ಮತ್ತೆ ಬಂದು, ಮತ್ತೆ... ಅವಳು ಬಂದಾಗ ನಾನು ಏನೂ ಹೇಳಬೇಕಾಗಲಿಲ್ಲ. ಹಾಲಿನ ಬಾಟಲಿಯನ್ನು ನಿನ್ನ ಕಾಲ ಬಳಿ ಹಾಸಿಗೆಯ ಮೇಲೇ ಇಟ್ಟಳು. ಹತ್ತಿರದವರು ಒಂದು ಗಳಿಗೆ ಹೊರಗೆ ಹೋದಾಗಲೇ ಎಷ್ಟೋ ಮಂದಿ ಹೋಗುತ್ತಾರೆ ಎಂದು ಜೂಲಿ ಬಂದ ಮೇಲೆ ಸಮಾಧಾನ ಹೇಳಿದಳು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು: ಕರೆದೊಯ್ಯುವವರು ಬರುವ ತನಕ ಈ ಕೋಣೆ ತಣ್ಣಗಿರಬೇಕು.

ಕರುಣಾ ಎದ್ದು ಕೆಳಗೆ ಹೋದಳು. ನೆಲದಡಿ ಪಂಪು ನಿಂತದ್ದು ನನಗೆ ಕೇಳಿಸಿತು. ಅಷ್ಟು ದಿನ ಅದರ ಸಪ್ಪಳ ಇತ್ತು ಎಂಬುದೇ ಆವರೆಗೆ ಗೊತ್ತಾಗಿರಲಿಲ್ಲ. ಅವಳು ಮೇಲೆ ಬರಲು ಬಹಳ ಹೊತ್ತು ಹಿಡಿಯಿತು. ನಾನು ಕರೆಯಲು ಹೋಗಲಿಲ್ಲ.

ನಿನ್ನನ್ನು ಮಣ್ಣು ಮಾಡಿದ ದಿನ ಗಾಳಿ ವಿಪರೀತ ಇತ್ತು. ಆಸ್ಪತ್ರೆಯಿಂದ ನಿನ್ನ ಜೊತೆ ಕೆಲಸ ಮಾಡಿದವರು ಬಂದಿದ್ದರು, ಮೌಂಟ್ ರಾಸ್ಕಿಲ್‌ನ ಹಳೆಯ ನೆರೆಯವರು ಬಂದಿದ್ದರು. ನಮ್ಮ ಊರಿನ ಚರ್ಚಿನ ಸಭೆಯಲ್ಲಿ ಹಾಡುವ ಕನ್ನಡ ಹಾಡನ್ನು ನಾನೊಬ್ಬಳೇ ಹಾಡಬೇಕಾಯಿತು. ಎರಡನೆಯ ಚರಣದಲ್ಲಿ ದನಿ ಬರಲಿಲ್ಲ. ಯಾರೂ ಮುಂದುವರಿಸಲಿಲ್ಲ, ಯಾರಿಗೆ ಬರುತ್ತಿತ್ತು?

ಕರುಣಾ ಆ ಚಳಿಗಾಲದ ಉಳಿದ ದಿನಗಳನ್ನು ಬಾಯ್ಲರ್ ಹಚ್ಚದೆ ಕಳೆದಳು. ಕೋಟು ಹಾಕಿಕೊಂಡು ಓದಿದಳು, ಕೋಟು ಹಾಕಿಕೊಂಡು ಮಲಗಿದಳು. ನಾನು ಒಂದು ದಿನ ಕೇಳದೆ ಸ್ವಿಚ್ ಹಾಕಿದೆ. ಅವಳು ಕೋಣೆಯಿಂದ ಓಡಿ ಬಂದು, "ಅದನ್ನು ನಿಲ್ಲಿಸು, ಅದು ಕೇಳಿದರೆ ಮಮ್ ಇನ್ನೂ ಒಳಗಿದ್ದಾಳೆ ಅನ್ನಿಸುತ್ತದೆ" ಎಂದು ಕಿರುಚಿದಳು. ಈಗ ಮನೆ ಮಾರುತ್ತಿದ್ದಾಳೆ, ಅಕ್ಕಾ. ನ್ಯೂ ಲಿನ್‌ನಲ್ಲಿ ಗೆಳತಿಯರ ಜೊತೆ ಒಂದು ಫ್ಲ್ಯಾಟ್ ನೋಡಿದ್ದಾಳೆ. ನಿನಗೆ ಸಂಕಟವಾಗುತ್ತದೆ, ಗೊತ್ತು. ನನಗೂ ಆಯಿತು. ಬೇಡ ಅನ್ನಲು ಎರಡು ಸಲ ಹೊರಟೆ. ಆದರೆ ರಾತ್ರಿ ನಿನ್ನ ಕೋಣೆಯ ಬಾಗಿಲ ಮುಂದೆ ಬಂದಾಗ ಅವಳು ಗೋಡೆಗೆ ಮೈ ಒತ್ತಿ ದಾಟುವುದನ್ನು ನೋಡಿದ್ದೇನೆ. ಇನ್ನು ಬೇಡ ಅನ್ನುವುದಿಲ್ಲ. ನೀನೂ ಅನ್ನಬೇಡ.

ಇವತ್ತು ಬೆಳಿಗ್ಗೆ ಅವಳು ಚಹಾ ಕುಡಿಯುತ್ತ, ಕಪ್ಪಿನಿಂದ ಕಣ್ಣೆತ್ತದೆ ನನ್ನನ್ನು ಕೇಳಿದಳು: "ಚಿಗವ್ವ, ಅವಳಿಗೆ ಗೊತ್ತಿತ್ತು, ಅಲ್ಲವಾ? ಪಂಪು ಬಿಚ್ಚಿದ್ದು ನಾನು ಅಂತ. ನೀನು ಹೇಳದಿದ್ದರೂ... ಅಮ್ಮಂದಿರಿಗೆ ಗೊತ್ತಾಗುತ್ತದಲ್ಲ?"

ನಾನು ಏನು ಹೇಳಬೇಕಿತ್ತು, ಅಕ್ಕಾ? ಗೋಡೆಯ ಕಡೆ ಹೊರಳಿದ ನಿನ್ನ ಮುಖವನ್ನು ಅವಳಿಗೆ ಮತ್ತೆ ತೋರಿಸಬೇಕಿತ್ತೇ?

"ಗೊತ್ತಿತ್ತವ್ವಾ" ಅಂದೆ. "ಆಕೀಗ ಎಲ್ಲಾ ಗೊತ್ತಿತ್ತು."

ಅವಳು ತಲೆ ಆಡಿಸಿ, ಚಹಾ ಮುಗಿಸಿ, ಬಸ್ಸಿಗೆ ಹೋದಳು. ಅವಳು ಹೋದ ಕೂಡಲೇ ನಾನು ಇದನ್ನು ಬರೆಯಲು ಕೂತೆ. ನಾನು ಅವಳಿಗೆ ಆಡಿದ ಮಾತು ಸುಳ್ಳಾಗಿ ಉಳಿಯಬಾರದು. ಈಗ ನಿನಗೆ ಗೊತ್ತಾಯಿತು.

ನಿನ್ನ ತಂಗಿ,
ಲೀಲಾ